ಪಾತಾಳಕ್ಕೆ ಇಳಿದ ಪ್ರಭು
(ಪಾಸ್ಖ ಜಾಗರಣೆಯ ಪ್ರಬೋಧನೆ)



ನಾನು ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ ನಡೆದ ಮಾತು ಇದು. ಪವಿತ್ರ ಶನಿವಾರದ ಮಧ್ಯಾಹ್ನ ಪೀಠಕ್ಕೆ ಹೂವು ಜೋಡಿಸಲು ಬಂದಿದ್ದ ಒಬ್ಬ ತಾಯಿ, ಕೆಲಸ ಮುಗಿದರೂ ಮನೆಗೆ ಹೊರಡಲಿಲ್ಲ. ಕೊನೆಗೆ ಕೇಳಿದರು: "ಫಾದರ್, ನನ್ನ ಮಗ ಈಗ ಎಲ್ಲಿದ್ದಾನೆ?"

ಅವರ ಮಗ ಹಿಂದಿನ ವರ್ಷ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡಿದ್ದ. ಪಾಪನಿವೇದನೆ ಇಲ್ಲ, ಕೊನೆಗಳಿಗೆಯ ಪರಮಪ್ರಸಾದ ಇಲ್ಲ. ನೆಂಟರಲ್ಲಿ ಯಾರೋ "ಅವನಿಗೆ ನರಕವೇ ಗತಿ" ಎಂದುಬಿಟ್ಟಿದ್ದರು. ದೈವಶಾಸ್ತ್ರ ಓದಿ ಬಂದ ನನಗೆ ಆ ತಾಯಿಯ ಮುಂದೆ ಬಾಯಿ ಬರಲಿಲ್ಲ. ಪ್ರಾರ್ಥಿಸೋಣ ಅಮ್ಮಾ ಎಂದಷ್ಟೇ ಹೇಳಿ ಕಳುಹಿಸಿದೆ. ಅಂದು ಹೇಳಬೇಕಾಗಿದ್ದನ್ನು ಇಂದು ಹೇಳುತ್ತೇನೆ.

ಜಪಸರ ಹಿಡಿದಾಗಲೆಲ್ಲ ನಾವು ಪ್ರೇಷಿತರ ವಿಶ್ವಾಸ ಪ್ರಮಾಣವನ್ನು ಹೇಳುತ್ತೇವೆ. ಅದರಲ್ಲಿ ಯೇಸುಸ್ವಾಮಿ ಪಾತಾಳಕ್ಕೆ ಇಳಿದರು ಎಂಬ ಮಾತಿದೆ. ಬಾಯಿಪಾಠವಾದ್ದರಿಂದ ಅಲ್ಲಿ ನಾವು ನಿಲ್ಲುವುದೇ ಇಲ್ಲ. ಪಾತಾಳವೆಂದರೆ ಇಲ್ಲಿ ದಂಡನೆಯ ನರಕವಲ್ಲ. ಹೀಬ್ರೂ ಭಾಷೆಯಲ್ಲಿ ಶೆಯೋಲ್ ಎಂದು ಕರೆದ ಮೃತರ ಲೋಕ. ಮನುಷ್ಯ ಕಟ್ಟಕಡೆಗೆ ಇಳಿಯುವ ತಳ ಅದು. ಆ ತಳಕ್ಕೂ ದೇವರ ಪುತ್ರ ಇಳಿದರು.

ಏಕೆ ಇಳಿದರು? ಆದಿಕಾಂಡದ ಮೂರನೆಯ ಅಧ್ಯಾಯವನ್ನು ನೆನೆಯಿರಿ. ಪಾಪಮಾಡಿದ ಆದಾಮನು ಮರಗಳ ನಡುವೆ ಅಡಗುತ್ತಾನೆ. ದೇವರು ಅವನನ್ನು ಎಲ್ಲಿದ್ದೀಯೆ ಎಂದು ಕೇಳುತ್ತಾರೆ. ತಿಳಿಯದೆ ಕೇಳಿದ ಪ್ರಶ್ನೆಯೇ ಅದು? ಅಲ್ಲ. ಕಳೆದುಹೋದ ಮಗುವನ್ನು ತಾಯಿ ಕೂಗುವ ಕೂಗು ಅದು. ತನ್ನ ರೂಪದಲ್ಲೇ ಸೃಷ್ಟಿಸಿದ ಮನುಷ್ಯನನ್ನು ಹುಡುಕುತ್ತಾ ಹೊರಟ ದೇವರು ಬೆತ್ಲೆಹೇಮಿನಲ್ಲಿ ನಿಲ್ಲಲಿಲ್ಲ, ಶಿಲುಬೆಯಲ್ಲೂ ನಿಲ್ಲಲಿಲ್ಲ. ಸತ್ತವರ ನಡುವೆಯೂ ಹೋಗಿ ಹುಡುಕಿದರು.

ಇಸ್ತಾಂಬುಲಿನ ಕೋರಾ ಎಂಬ ಹಳೆಯ ದೇವಾಲಯದಲ್ಲಿ (ಈಗ ಅದು ಮಸೀದಿ) ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಬರೆದ ಒಂದು ಭಿತ್ತಿಚಿತ್ರವಿದೆ. ನಾನು ಅದನ್ನು ಕಂಡದ್ದು ಸೆಮಿನರಿಯ ಪುಸ್ತಕವೊಂದರಲ್ಲಿ. ಬಿಳಿಯ ವಸ್ತ್ರದ ಕ್ರಿಸ್ತ ಪಾತಾಳದ ಬಾಗಿಲುಗಳನ್ನು ಮುರಿದು ನಿಂತಿದ್ದಾರೆ. ಕಾಲ ಕೆಳಗೆ ಬೀಗ, ಕೀಲಿಗಳು ಚೆಲ್ಲಾಡಿವೆ. ಒಂದು ಕೈಯಲ್ಲಿ ಆದಾಮನನ್ನೂ ಇನ್ನೊಂದು ಕೈಯಲ್ಲಿ ಏವಳನ್ನೂ ಸಮಾಧಿಯಿಂದ ಎಳೆದು ಎಬ್ಬಿಸುತ್ತಿದ್ದಾರೆ. ಅವರನ್ನು ಹಿಡಿದಿರುವುದು ಅಂಗೈಯಲ್ಲಲ್ಲ, ಮಣಿಕಟ್ಟಿನಲ್ಲಿ.

ಅದರ ಅರ್ಥ ನನಗೆ ಹೊಳೆದದ್ದು ನಮ್ಮೂರಿನ ಬಾವಿಯಿಂದ. ಚಿಕ್ಕವನಾಗಿದ್ದಾಗ, ಬಾವಿಗೆ ಬಿದ್ದ ಹುಡುಗನೊಬ್ಬನನ್ನು ನೆರೆಮನೆಯವರು ಹಗ್ಗ ಹಿಡಿದು ಇಳಿದು ಮೇಲಕ್ಕೆ ತಂದರು. "ಒದ್ದೆ ಕೈ ಜಾರುತ್ತೆ ಕಣೋ, ಮಣಿಕಟ್ಟು ಹಿಡೀಬೇಕು. ಅವನಿಗೆ ಹಿಡಿಯೋ ಶಕ್ತಿ ಎಲ್ಲಿತ್ತು?" ಎಂದರು ಆಮೇಲೆ. ರಕ್ಷಣೆಯ ಬಗ್ಗೆ ನಾನು ಓದಿದ ದಪ್ಪ ಪುಸ್ತಕಗಳು ಇದಕ್ಕಿಂತ ಹೆಚ್ಚೇನೂ ಹೇಳಲಿಲ್ಲ ಎಂದು ಒಮ್ಮೊಮ್ಮೆ ಅನಿಸುತ್ತದೆ. ಯೇಸು ನಿಜವಾದ ಮಾನವರಾದ್ದರಿಂದ ಸಾವಿನ ಬಾವಿಗೆ ಇಳಿದರು. ನಿಜವಾದ ದೇವರಾದ್ದರಿಂದ ಸಾವು ಅವರನ್ನು ಹಿಡಿದಿಡಲಾಗಲಿಲ್ಲ. ಆ ಕೈಯನ್ನು ಕೊಸರಿಕೊಳ್ಳುವ ಸ್ವಾತಂತ್ರ್ಯ ನಮಗಿದೆ, ನಿಜ. ಆದರೆ ಯಾರು ಕೊಸರಿಕೊಂಡರು ಎಂದು ತೀರ್ಪು ಕೊಡುವ ಅಧಿಕಾರ ನಮಗಾರಿಗೂ ಇಲ್ಲ.

1917ರ ಧರ್ಮಸಭೆಯ ಕಾನೂನು ತಿಳಿದೂ ತಿಳಿದೂ ಪ್ರಾಣ ಕಳೆದುಕೊಂಡವರಿಗೆ ಧರ್ಮಸಭೆಯ ಅಂತ್ಯಸಂಸ್ಕಾರವನ್ನು ನಿರಾಕರಿಸುತ್ತಿತ್ತು. 1983ರ ಕಾನೂನಿನಲ್ಲಿ ಆ ಮಾತಿಲ್ಲ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮೋಪದೇಶ ಗ್ರಂಥ ಇಂಥವರ ನಿತ್ಯರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದು ಹೇಳುತ್ತದೆ. ತನಗೆ ಮಾತ್ರ ತಿಳಿದ ದಾರಿಯಲ್ಲಿ ದೇವರು ಅವರಿಗೆ ಪಶ್ಚಾತ್ತಾಪದ ಅವಕಾಶ ಕೊಡಬಲ್ಲರು ಎನ್ನುತ್ತದೆ. ಪ್ರಾಣ ದೇವರ ಕೊಡುಗೆ, ಅದನ್ನು ಕಳೆದುಕೊಳ್ಳುವುದು ತಪ್ಪು ಎಂಬ ಬೋಧನೆ ಬದಲಾಗಿಲ್ಲ. ಆದರೆ ಮನಸ್ಸು ಕುಸಿದು, ಭಯದಲ್ಲಿ ತೊಳಲಿದವನ ಹೊಣೆ ಎಷ್ಟೆಂದು ಅಳೆಯುವವರು ಯಾರು? ನಿಮ್ಮ ಮನೆಯಲ್ಲಿ ಹಾಗೆ ತೊಳಲುತ್ತಿರುವವರು ಇದ್ದರೆ, ದಯವಿಟ್ಟು ಇಂದೇ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ, ವೈದ್ಯರ ಬಳಿಗೂ ಕರೆದುಕೊಂಡು ಹೋಗಿ.

ಮರುವರ್ಷ ಪಾಸ್ಖ ಹಬ್ಬದ ಬೆಳಿಗ್ಗೆ ಆ ತಾಯಿಯೊಡನೆ ನಾನು ಸ್ಮಶಾನಕ್ಕೆ ಹೋದೆ. ಪಾಸ್ಖ ದೀಪದಿಂದ ಹಚ್ಚಿ ತಂದ ಮೇಣದಬತ್ತಿಯನ್ನು ಅವರು ಮಗನ ಸಮಾಧಿಯ ಮೇಲಿಟ್ಟರು. ಗಾಳಿಗೆ ಎರಡು ಸಲ ಆರಿತು. ಎರಡು ಸಲವೂ ಹಚ್ಚಿದರು.

ಈಗ ಎದ್ದುನಿಲ್ಲೋಣ. ನಿಮ್ಮ ಮೇಣದಬತ್ತಿಗಳನ್ನು ಪಕ್ಕದವರಿಂದ ಹಚ್ಚಿಕೊಳ್ಳಿ. ದೀಕ್ಷಾಸ್ನಾನದ ವಾಗ್ದಾನಗಳನ್ನು ನವೀಕರಿಸೋಣ.