ಕೇಳಿದ್ದು ನಂಬರ್, ಕೊಟ್ಟಿದ್ದು ಸಲಹೆ

ನಾನು ಇಂಜಿನಿಯರಿಂಗ್ ಓದಿದವನು. ಆದ್ರೂ ಇಮೇಲ್‌ನ ಸ್ಪ್ಯಾಮ್ ಫಿಲ್ಟರ್ ಅಂದ್ರೆ ನನಗೂ ಸಿಟ್ಟು. ಕಳಿಸಿದವರು ಯಾರು, ಯಾವ ಪದ ಬಳಸಿದ್ದಾರೆ ಅಂತ ಅದು ಲೆಕ್ಕ ಹಾಕುತ್ತೆ. ನಿಮ್ಮ ಅಗತ್ಯ ಅದಕ್ಕೆ ಗೊತ್ತಿಲ್ಲ. ಲಾಟರಿ ಪತ್ರದ ಜೊತೆ ಕೆಲವೊಮ್ಮೆ ಇಂಟರ್‌ವ್ಯೂ ಪತ್ರವೂ ಕಸಕ್ಕೆ ಹೋಗುತ್ತೆ. ಜಿಮೇಲ್‌ನಲ್ಲಿ 30 ದಿನ ಕಳೆದರೆ ಅಳಿಸಿಯೇ ಹೋಗುತ್ತೆ.

ವಾಟ್ಸಾಪ್ ಗ್ರೂಪ್‌ನಲ್ಲಿ ಇದರ ಉಲ್ಟಾ. ಅಲ್ಲಿ ಬೇಕಾದ್ದನ್ನ ಕಸದಡಿ ಮುಚ್ಚೋರು ನಾವೇ. ಬನ್ನೂರು ಅಂದ್ರೆ ಕುರಿ. ಎಷ್ಟೋ ಮನೆಗೆ ಅದೇ ಬಂಡವಾಳ. ಅಲ್ಲಿ ಯಾರಾದರೂ ಗ್ರೂಪ್‌ನಲ್ಲಿ ಕೇಳಲಿ ನೋಡಿ: ‘ಕುರಿ ಮೇವು ಮುಟ್ಟುತ್ತಿಲ್ಲ, ಬಾಯಿ ಊದಿದೆ, ಡಾಕ್ಟರ್ ನಂಬರ್ ಕೊಡಿ.’ ಬೇವಿನೆಣ್ಣೆ ಹಚ್ಚಿ, ಅರಿಶಿನ ಕುಡಿಸಿ, ದೃಷ್ಟಿ ತೆಗೀರಿ... ಮೊಬೈಲ್ ತುಂಬ ಸಲಹೆ. ನಂಬರ್ ಮಾತ್ರ ಇಲ್ಲ! ಅದು ನೀಲಿ ನಾಲಿಗೆ ರೋಗವಾಗಿದ್ದರೆ? ಸಲಹೆ ಓದುತ್ತಾ ಕಳೆದ ಆ ಒಂದು ದಿನಕ್ಕೆ ಹೊಣೆ ಯಾರು?

2018ರಲ್ಲಿ ವಾಟ್ಸಾಪ್ ನಮ್ಮ ದೇಶದಲ್ಲಿ ಫಾರ್ವರ್ಡ್‌ಗೆ 5 ಚಾಟ್‌ಗಳ ಮಿತಿ ಹಾಕಿತು. ಪುಕ್ಕಟೆ ಸಲಹೆಗೆ ಮಿತಿ ಹಾಕೋ ಆ್ಯಪ್ ಇನ್ನೂ ಬಂದಿಲ್ಲ. ಆ ಫಿಲ್ಟರ್ ನಾವೇ ಆಗಬೇಕು. ಗೊತ್ತಿದ್ದರೆ ಹೇಳೋಣ. ಇಲ್ಲದಿದ್ದರೆ ಪಶು ಸಹಾಯವಾಣಿ 1962 ಅಂತ ನಾಲ್ಕು ಅಂಕಿ ಒತ್ತಿ ಸುಮ್ಮನಾಗೋಣ.