ನೆರೆ ಇಳಿದ ಮೇಲೆ ಕುಡಿಯುವ ನೀರು



ಈ ಸಮ್ಮೇಳನದ ಅಧ್ಯಕ್ಷ ಭಾಷಣವನ್ನು ಒಂದೇ ವಿಷಯಕ್ಕೆ ಮೀಸಲಿಡುತ್ತೇನೆ: ನೆರೆ ಇಳಿದ ಮೇಲೆ ನಮ್ಮ ಜನ ಕುಡಿಯುವ ನೀರು.

2018 ಮತ್ತು 2019ರ ಆಗಸ್ಟ್‌ನಲ್ಲಿ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿ ಮನೆಗಳಿಗೆ ನುಗ್ಗಿದ್ದು ನಿಮಗೆ ನೆನಪಿದೆ. ಗೊರೂರಿನ ಅಣೆಕಟ್ಟೆಯಲ್ಲಿ ಗೇಟು ಎತ್ತಿದರೆ ಹೊಳೆನರಸೀಪುರದ ಹೊಳೆದಂಡೆಯವರಿಗೆ ನಿದ್ದೆಯಿಲ್ಲ. ಬರದ ಸೀಮೆ ಎನಿಸಿಕೊಂಡ ಈ ಚನ್ನರಾಯಪಟ್ಟಣ ತಾಲ್ಲೂಕಿನಲ್ಲೂ 2022ರ ಮಳೆಗೆ ಕೆರೆಗಳು ಕೋಡಿ ಬಿದ್ದವು. ಅಂಥ ದಿನಗಳಲ್ಲಿ ಗಂಜಿ ಕೇಂದ್ರ ತೆರೆಯುತ್ತಾರೆ, ಬಿದ್ದ ಮನೆ ಲೆಕ್ಕ ಹಾಕುತ್ತಾರೆ. ಆಗಲೇಬೇಕಾದ ಕೆಲಸ. ಆದರೆ ಕೊಳವೆಬಾವಿಯ ಬಾಯಿ ಹೇಗಿದೆ ಎಂದು ಬಗ್ಗಿ ನೋಡುವವರು ಕಡಿಮೆ.

ಎಷ್ಟೋ ಕಡೆ ಕೇಸಿಂಗ್ ಪೈಪನ್ನು ನೆಲಮಟ್ಟಕ್ಕೇ ಕೊಯ್ದಿರುತ್ತಾರೆ. ಸುತ್ತ ಕಾಂಕ್ರೀಟ್ ಕಟ್ಟೆಯಿಲ್ಲ, ಕೇಬಲ್ ಇಳಿದ ಸಂದಿಗೆ ಗೋಣಿಚೀಲ ತುರುಕಿರುತ್ತಾರೆ. ತಿಪ್ಪೆ, ಕೊಟ್ಟಿಗೆ, ಶೌಚಗುಂಡಿ ಎಲ್ಲವನ್ನೂ ತೊಳೆದುಕೊಂಡು ಬಂದ ನೀರು ಅಲ್ಲಿ ನಿಂತರೆ, ಮಣ್ಣಿನಲ್ಲಿ ಸೋಸಿಕೊಳ್ಳದೆ ನೇರ ಒಳಗಿಳಿಯುತ್ತದೆ. ನಾಲ್ಕು ದಿನ ಕಳೆದು ನಲ್ಲಿಯಲ್ಲಿ ತಿಳಿನೀರು ಬಂದಾಗ ಇನ್ನೇನೂ ಭಯವಿಲ್ಲ ಎಂದುಕೊಳ್ಳುತ್ತೇವೆ. ನಿಜವಾದ ಅಪಾಯ ಆಗಲೇ. 100 ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಒಂದೇ ಒಂದು ಇ. ಕೋಲಿ ಬ್ಯಾಕ್ಟೀರಿಯಾ ಕೂಡ ಇರಬಾರದು ಎನ್ನುತ್ತದೆ ಭಾರತೀಯ ಮಾನದಂಡ. ಅದು ಕಂಡಿತೆಂದರೆ ನೀರಿಗೆ ಮಲ ಸೇರಿದೆ ಎಂದೇ ಅರ್ಥ; ಟೈಫಾಯ್ಡ್, ಕಾಲರಾ, ಆಮಶಂಕೆಗೂ ಅದೇ ದಾರಿ. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಜನ ಸತ್ತದ್ದು ಕಲುಷಿತ ಕುಡಿಯುವ ನೀರಿನಿಂದ. ಅಲ್ಲಿ ನೆರೆಯೂ ಬಂದಿರಲಿಲ್ಲ.

ನೀರಿಗೆ ಮಲ ಸೇರಿದೆಯೇ ಎಂಬ ಪರೀಕ್ಷೆ ಕಷ್ಟದ್ದಲ್ಲ. ಹೈಡ್ರೋಜನ್ ಸಲ್ಫೈಡ್ ಬಾಟಲಿ ಎಂಬ ಪುಟ್ಟ ಸೀಸೆಗೆ ಗುರುತಿನವರೆಗೆ ನೀರು ತುಂಬಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ ಸಾಕು. ಕಪ್ಪಾದರೆ ಆ ನೀರನ್ನು ಹಾಗೇ ಕುಡಿಯುವಂತಿಲ್ಲ. ಕಪ್ಪಾದ ಸೀಸೆಯನ್ನು ಎದುರಿಗೆ ಹಿಡಿದರೆ ಯಾವ ಊರಿನವರೂ ವಾದ ಮಾಡುವುದಿಲ್ಲ.

ಜೈನ ಕ್ಷೇತ್ರವಾದ ಈ ಊರಿನಲ್ಲಿ ನಿಂತು ಇನ್ನೊಂದು ಮಾತು ಹೇಳಲೇಬೇಕು. ನೀರನ್ನು ಬಟ್ಟೆಯಲ್ಲಿ ಸೋಸಿ, ಕಾಯಿಸಿ ಕುಡಿಯುವುದು ಜೈನರಲ್ಲಿ ತಲೆತಲಾಂತರದ ವ್ರತ. ಕಣ್ಣಿಗೆ ಕಾಣದ ಜೀವಕ್ಕೂ ನೋವಾಗಬಾರದೆಂಬ ಕಾಳಜಿ ಅದರ ಮೂಲ. ಸೋಸುವುದರಿಂದ ಆರೋಗ್ಯಕ್ಕೂ ಲಾಭವಿದೆ: ಬಾಂಗ್ಲಾದೇಶದ ಹಳ್ಳಿಗಳಲ್ಲಿ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸಿಸಿದಾಗ ಕಾಲರಾ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. 2003ರಲ್ಲಿ ಆ ಫಲಿತಾಂಶ ಪ್ರಕಟವಾಯಿತು. ಕಾಲರಾ ಬ್ಯಾಕ್ಟೀರಿಯಾ ಅಂಟಿಕೊಂಡಿರುವ ಸೂಕ್ಷ್ಮ ಜಲಚರಗಳು ಬಟ್ಟೆಯಲ್ಲೇ ಉಳಿಯುತ್ತವೆ. ಬಿಡಿ ಬ್ಯಾಕ್ಟೀರಿಯಾವನ್ನು ಬಟ್ಟೆ ತಡೆಯದು; ಅದಕ್ಕೆ ಕುದಿಸಲೇಬೇಕು. ನೆರೆಯ ನಂತರದ ವಾರಗಳಲ್ಲಾದರೂ ಸೋಸಿ ಕುದಿಸುವ ಈ ಪದ್ಧತಿ ಜಾತಿ ಮತ ನೋಡದೆ ಎಲ್ಲರ ಅಡುಗೆಮನೆಗೆ ಬರಲಿ.

ಆದರೆ ಇಡೀ ಊರಿನ ಹೊಣೆಯನ್ನು ಹೆಂಗಸರ ಒಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ನೀರು ಶುದ್ಧಗೊಳಿಸುವುದು ಪಂಚಾಯಿತಿಯ ಕೆಲಸ, ಅದನ್ನು ಮಾಡುವ ಕೈ ನೀರುಗಂಟಿಯದು. 50 ಸಾವಿರ ಲೀಟರಿನ ಟ್ಯಾಂಕಿಗೆ ಒಳ್ಳೆಯ ಬ್ಲೀಚಿಂಗ್ ಪುಡಿ ಸುಮಾರು 125 ಗ್ರಾಂ ಬೇಕು. ಅದನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಸುರಿದು, ಅರ್ಧ ಗಂಟೆ ಬಿಟ್ಟು ನೀರು ಬಿಡಬೇಕು. ನೀರು ಬಗ್ಗಡವಾಗಿದ್ದರೆ ಕ್ಲೋರಿನ್ ಕೊಳೆಗೇ ಖರ್ಚಾಗುತ್ತದೆ, ಪ್ರಮಾಣ ಹೆಚ್ಚಿಸಬೇಕು. ಪಂಪ್‌ಹೌಸಿನ ಮೂಲೆಯಲ್ಲಿ ಬಾಯಿ ಬಿಚ್ಚಿ ಬಿದ್ದ ಹಳೆ ಮೂಟೆಯಲ್ಲಿ ಸತ್ವ ಉಳಿದಿರುವುದಿಲ್ಲ. ಹಾಗಾಗಿ ಎಷ್ಟು ಹಾಕಿದೆವು ಎಂಬ ಲೆಕ್ಕವನ್ನು ನಂಬಿ ಕೂರದೆ, ಕೊನೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ದಿನವೂ ನೋಡಬೇಕು. ಆ ಕೊನೆಯ ಮನೆ ಹೆಚ್ಚಾಗಿ ಬಡವರದ್ದೇ ಆಗಿರುತ್ತದೆ.

ನೀರುಗಂಟಿಗಳಿಗೆ ತರಬೇತಿ, ಕ್ಲೋರಿನ್ ಅಳೆಯುವ ಕಿಟ್, ತಿಂಗಳಿಗೆ ಸರಿಯಾಗಿ ಸಂಬಳ. ಮುಂಗಾರಿಗೆ ಮುಂಚೆ ಪ್ರತಿ ಕೊಳವೆಬಾವಿಗೂ ನೆರೆಮಟ್ಟಕ್ಕಿಂತ ಎತ್ತರದ ಕಟ್ಟೆ ಮತ್ತು ಭದ್ರ ಮುಚ್ಚಳ. ಇವನ್ನು ಸಮ್ಮೇಳನದ ಮೊದಲ ನಿರ್ಣಯವಾಗಿ ಮಂಡಿಸುತ್ತಿದ್ದೇನೆ. ಸಭೆ ಅಂಗೀಕರಿಸಬೇಕೆಂದು ಕೋರುತ್ತೇನೆ.