ಮೂರು ವರ್ಷದ ಭಾನುವಾರಗಳು
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ವಾರವೆಲ್ಲ ಅಂಕಿಗಳ ನಡುವೆ ದುಡಿಯುವ ತಮ್ಮನ್ನು ಭಾನುವಾರವೂ ಅಂಕಿಯ ಮುಂದೆ ಕೂರಿಸುವುದು ಅನ್ಯಾಯವೇ ಸರಿ. ಆದರೂ ಒಂದು ಸಂಖ್ಯೆಯ ಪರಿಚಯ ಮಾಡಿಸುವ ಆಸೆ. ಎರಡನ್ನು ೬೭ ಸಲ ಬರೆದು ಎಲ್ಲವನ್ನೂ ಗುಣಿಸಿ, ಬಂದದ್ದರಲ್ಲಿ ಒಂದನ್ನು ಕಳೆಯಿರಿ. ಉಳಿಯುವುದು ೧೪,೭೫,೭೩,೯೫,೨೫,೮೯,೬೭,೬೪,೧೨,೯೨೭. ಇಪ್ಪತ್ತೊಂದು ಅಂಕಿ, ಯಾವ ಖಾತೆಪುಸ್ತಕದ ಅಂಕಣದಲ್ಲೂ ಹಿಡಿಯದು!

ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ೭, ೧೩, ೩೧ರಂಥವು ಅವಿಭಾಜ್ಯ ಸಂಖ್ಯೆಗಳು. ನಮ್ಮ ಈ ಸಂಖ್ಯೆಯೂ ಅವಿಭಾಜ್ಯವೆಂದು ಫ್ರಾನ್ಸಿನ ಮರ್ಸೆನ್ ಎಂಬ ಪಾದ್ರಿ ೧೬೪೪ರಲ್ಲಿ ಬರೆದಿಟ್ಟರು. ಅದು ತಪ್ಪೆಂದು ಲೂಕಾ ಎಂಬ ಗಣಿತಜ್ಞರು ತೋರಿಸಿದ್ದು ೧೮೭೬ರಲ್ಲಿ. ವಿಚಿತ್ರವೆಂದರೆ, ಅದು ಯಾವುದರಿಂದ ಭಾಗವಾಗುತ್ತದೆಂದು ಅವರಿಗೂ ತಿಳಿಯಲಿಲ್ಲ.

ಇದು ಹೇಗೆ ಸಾಧ್ಯವೆನ್ನುವಿರಾ? ಲೆಕ್ಕ ಬರೆಯುವವರಿಗೆ ಹೇಳಬೇಕಾಗಿಲ್ಲ. ಜಮಾಖರ್ಚು ತಾಳೆ ಬೀಳದಿದ್ದರೆ ತಪ್ಪಿರುವುದು ಖಂಡಿತ; ಎಲ್ಲಿದೆ ಎಂಬುದು ಮಾತ್ರ ದೇವರಿಗೇ ಗೊತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಂಥದೊಂದು ತಪ್ಪಿನ ಬೆನ್ನುಹತ್ತಿ ನಾನು ಎರಡು ರಾತ್ರಿ ನಿದ್ದೆಗೆಟ್ಟಿದ್ದೇನೆ.

ಈ ತಪ್ಪಿನ ಬೆನ್ನುಹತ್ತಿದವರು ಅಮೆರಿಕದ ಪ್ರಾಧ್ಯಾಪಕ ಕೋಲ್. ಹುಡುಕಲು ಒಂದು ಸುಳಿವಿತ್ತು. ಈ ಸಂಖ್ಯೆಯನ್ನು ಭಾಗಿಸುವ ಯಾವುದನ್ನೇ ಆಗಲಿ, ೬೭ರ ಎರಡರಷ್ಟಾದ ೧೩೪ರಿಂದ ಭಾಗಿಸಿದರೆ ಒಂದು ಉಳಿಯಲೇಬೇಕು. ಉಳಿದವನ್ನೆಲ್ಲ ಕೈಬಿಡಬಹುದು. ಹಾಗೆ ಕೈಬಿಟ್ಟರೂ ಉತ್ತರ ಸಿಕ್ಕುವ ಮೊದಲು ಹದಿನಾಲ್ಕು ಲಕ್ಷಕ್ಕೂ ಮಿಕ್ಕಿದ ಸಂಖ್ಯೆಗಳು ಎದುರಾಗುತ್ತವೆ. ಕೋಲ್ ಇನ್ನೂ ಸಣ್ಣ ಕಣ್ಣಿನ ಜರಡಿಗಳನ್ನು ಹಿಡಿದು ಸೋಸಿದರು.

೧೯೦೩ರ ಅಕ್ಟೋಬರಿನಲ್ಲಿ, ನ್ಯೂಯಾರ್ಕಿನ ಗಣಿತಜ್ಞರ ಸಭೆಯಲ್ಲಿ ಅವರು ಫಲಿತಾಂಶ ಮುಂದಿಟ್ಟರು. ಬಾಯಿಬಿಡದೆ ಹಲಗೆಯ ಒಂದು ಕಡೆ ಎರಡನ್ನು ಗುಣಿಸುತ್ತ ಹೋಗಿ ಒಂದನ್ನು ಕಳೆದರಂತೆ. ಇನ್ನೊಂದು ಕಡೆ ೧೯,೩೭,೦೭,೭೨೧ನ್ನು ೭,೬೧,೮೩,೮೨,೫೭,೨೮೭ರಿಂದ ಗುಣಿಸಿದರಂತೆ. ಎರಡೂ ಒಂದೇ! ಸಭೆ ಚಪ್ಪಾಳೆ ತಟ್ಟಿತು. ಈ ಕಥೆಯನ್ನು ಬರೆದವರು ಬೆಲ್ ಎಂಬ ಗಣಿತಜ್ಞರು. ಕೊಂಚ ಉಪ್ಪುಖಾರ ಬೆರೆತಿದ್ದರೂ ಇರಬಹುದು. ಎಷ್ಟು ಕಾಲ ಹಿಡಿಯಿತೆಂದು ತಾವು ಕೇಳಿದಾಗ ಕೋಲ್, ಮೂರು ವರ್ಷದ ಭಾನುವಾರಗಳು ಎಂದರೆಂದೂ ಅವರೇ ಬರೆದಿದ್ದಾರೆ. ಇಂದಿನ ಗಣಕಯಂತ್ರಕ್ಕೆ ಇದು ಕ್ಷಣದ ಕೆಲಸ.

ನಮ್ಮ ಹಳೆಯ ಒಂಬತ್ತರ ತಾಳೆ ನೋಡೋಣ. ಮೊದಲನೆಯದರ ಅಂಕಿಗಳನ್ನು ಕೂಡಿದರೆ ೩೭, ಮತ್ತೆ ಕೂಡಿದರೆ ೧೦, ಕೊನೆಗೆ ೧. ಎರಡನೆಯದರಲ್ಲಿ ೬೪, ೧೦, ೧. ಗುಣಲಬ್ಧದಲ್ಲಿ ೧೦೯, ೧೦, ೧. ಸರಿಯಾಯಿತು. ಆದರೆ ಇಷ್ಟನ್ನೇ ನಂಬಬೇಡಿ. ನನ್ನ ಆ ಎರಡು ರಾತ್ರಿಯೂ ಒಂಬತ್ತರ ತಾಳೆ ಸರಿಯಾಗಿಯೇ ಬರುತ್ತಿತ್ತು. ೪೫ ಇರಬೇಕಾದಲ್ಲಿ ೫೪ ಕೂತಿತ್ತು.

ಹಾಗಾಗಿ ಕಳೆದ ಭಾನುವಾರ ಪೂರ್ತಿ ಗುಣಾಕಾರವನ್ನೇ ಮಾಡಿದೆ. ಎರಡು ಸಲ ತಪ್ಪಿತು, ಮೂರನೆಯ ಸಲ ಇಪ್ಪತ್ತೊಂದು ಅಂಕಿಯೂ ಕೂಡಿಬಂತು. ಹಾಳೆ ಅಲ್ಲಿ ಮೇಜಿನ ಮೇಲಿದೆ. ಪಕ್ಕದಲ್ಲಿ ಬಿಳಿ ಹಾಳೆಗಳನ್ನೂ ಇಟ್ಟಿದ್ದೇನೆ.